ಬದಲಾವಣೆ ಇಲ್ಲ

ಬನಹಟ್ಟಿಯ ಮಗ್ಗದ ಓಣಿ, ಟಿ.ಸಿ. ಕಂಬದ ಬುಡಕ
ನನ್ನ ಚಹಾದಂಗಡಿ.
ಪೇಪರ್ ಓದೂದಿಲ್ಲ ನಾ. ಕಿವಿಯಿಂದ ತಿಳೀತೈತಿ:
ಖಟಪಟ ಖಟಪಟ ಒಂದಽ ಸವನ ನಡದ್ರ ನೂಲು ಅಗ್ಗ.
ನಡುವ ಹಲ್ಲು ಬಿದ್ದಂಗ ಸಪ್ಪಳ ತಪ್ಪಿದ್ರ
ಇಚಲಕರಂಜಿಯೊಳಗ ಯಾರೋ ರೇಟು ಏರಿಸ್ಯಾರ,
ಸಂಜಿಗೆ ನನ್ನ ಉದ್ರಿ ವಹಿ ಒಂದು ಹಾಳಿ ದಪ್ಪ.

ದುರದುಂಡಿ ಎಂಟು ಮಗ್ಗದಾಂವ.
ಮೊದಲು ಓಣಿ ಆ ತುದಿಯಿಂದಽ "ಫುಲ್" ಅಂತ ಒದರತಿದ್ದ.
ಆಮ್ಯಾಲೆ ಹಾಫ್.
ಈಗ ಬಂದು ಬಾಕಿನ ಮ್ಯಾಗ ಕುಂತು
"ಒಂದರಾಗ ಎರಡು ಮಾಡವ್ವ" ಅಂತಾನ.
ಎದುರಿಗೆ ಯಾರೂ ಇರೂದಿಲ್ಲ.
ಎರಡನೇದ್ದು ತಾಸು ಬಿಟ್ಟು, ಆರಿದ ಮ್ಯಾಲ, ತಾನಽ ಕುಡೀತಾನ.

ಹಾಲು ಏರಿತು. ಗ್ಯಾಸು ಏರಿತು.
ಕಬ್ಬಿನ ಗಾಡಿ ನನ್ನ ಅಂಗಡಿ ಮುಂದಽ ಹಾದು ಹೋಗತಾವು,
ಸಕ್ಕರಿ ಮಾತ್ರ ದಿಲ್ಲಿ ಕೇಳಿ ಬರತೈತಿ.
ಹತ್ತರ ಚಹಾ ಹನ್ನೆರಡಾತಂದ್ರ
ಗಿರಾಕಿ ಎದುರಿನ ದಸ್ತಗೀರನ ಅಂಗಡಿಗೆ.
ಅವನೂ ನನ್ನಽ ನೋಡಕೊಂತ ಕುಂತಾನ, ಮೊದಲ ನಾ ಏರಸಲಿ ಅಂತ.
ಇಬ್ಬರೂ ಏರಸಲಿಲ್ಲ.
ಜಮಖಂಡಿ ಸಂತಿಗೆ ಹೋಗಿ ಗ್ಲಾಸು ಬದಲಿ ಮಾಡಿದೆ:
ಎತ್ತರ ಅಷ್ಟಽ, ನಡಾ ಸಣ್ಣ,
ತಳ ಒಂದು ಬೆರಳು ದಪ್ಪ.
ಅದಽ ವಾರ ದಸ್ತಗೀರನ ಗ್ಲಾಸೂ ದಪ್ಪಾದವು.
ಉರುಸಿನ ದಿನ ಸುರಕುಂಬಾ ತಂದು ಕೊಟ್ಟ, ದೊಡ್ಡ ಬಟ್ಟಲದಾಗ.
ಗ್ಲಾಸಿನ ಮಾತು ಇಬ್ಬರೂ ತಗೀಲಿಲ್ಲ.

ಹಿಡದಾಕಿ ಒಬ್ಬಾಕಿನಽ, ಕಂಡಕಿ ಸುತ್ತೂ ನೀಲವ್ವ.
ಬೆಳಕಿಗೆ ಎತ್ತಿ ನೋಡಿ ಅಂದ್ಲು:
"ಬಾವಿ ತಳ ಮ್ಯಾಗ ಬಂದೈತೆಲ್ಲ, ಅಕ್ಕ?"
ನಾ ಬಸಿ ಒರಸಕೊಂತ ನಿಂತೆ.
ದುರದುಂಡಿ ನಕ್ಕ. "ಸೀರಿನೂ ಹಂಗಽ ಬೆಳಕಿಗೆ ಹಿಡದು ನೋಡು.
ಇಂಚಿಗೆ ಆರು ಎಳಿ ಕಡಿಮಿ ಹೊಡಿ ಅಂದಾನ ಸಾವುಕಾರ.
ಸೂರತ್ತಿಂದ ಲಾರಿ ತುಂಬಿ ಬರತಾವಲ್ಲ, ಅದಕ್ಕ.
ಉಟ್ಟಾಕಿಗೆ ಮೂರನೇ ಒಗತಕ್ಕ ತಿಳೀತೈತಿ,
ಅಷ್ಟೊತ್ತಿಗೆ ಮದವಿ ಮುಗದಿರತೈತಿ."

ಹೋದ ವಾರ ಒಬ್ಬ ಸಾಹೇಬ ಬಂದಿದ್ದ, ಅಂಕಿಸಂಖ್ಯೆ ಇಲಾಖೆ.
ಕೊರಳಾಗ ಗುರುತಿನ ಚೀಟಿ, ಕೈಯಾಗ ಟ್ಯಾಬು.
"ಚಹಾ, ಒಂದು ಲೋಟ. ಐದು ವರ್ಷದ ಹಿಂದಿನ ದರ?"
ಹತ್ತು.
"ಇಂದಿನ ದರ?"
ಹತ್ತು.
"ಬದಲಾವಣೆ ಇಲ್ಲ" ಅಂತ ಬಾಯಿ ಬಿಟ್ಟು ಓದಿ, ಒತ್ತಿದ.
ಗ್ಲಾಸು ಎತ್ತಿ ತೋರಸಬೇಕಂತ ಇತ್ತು.
ತೋರಿಸಿದ್ರ ಯಾರ ಕಳವು ಹೇಳಿದಂಗ?
ಅಷ್ಟರಾಗ ಕರೆಂಟ್ ಹೋತು.
ಓಣಿಗೆ ಓಣಿನಽ ಮೂಕ. ಎಲ್ಲೋ ಒಂದು ಕೂಸು ಅಳೂದು ಕೇಳಿಸ್ತು,
ಮುಂಜಾನಿಯಿಂದ ಅಳತಿತ್ತೋ ಏನೋ.
"ಏನಾಯ್ತು?" ಅಂತ ಸಾಹೇಬ ಬೆಚ್ಚಿದ.
"ಏನಿಲ್ರಿ," ಅಂದ ದುರದುಂಡಿ, "ಈಗ ನೋಡ್ರಿ
ಖರೇವಂದ್ರೂ ಬದಲಾವಣಿ ಇಲ್ಲ."

ಚಹಾ ಮೂರು ಗುಟುಕಿಗೆ ಮುಗೀತು ಸಾಹೇಬಗ.
ಗ್ಲಾಸಿನೊಳಗ ಇಣುಕಿದ. ಮತ್ತೊಂದು ಕೊಡ್ರಿ ಅಂದ.
ಇಪ್ಪತ್ತು ಕೊಟ್ಟು ಗಾಡಿ ಹತ್ತಿದ.
ಆ ಎರಡನೇದ್ದು ಯಾವ ಕಾಲಮ್ಮಿನಾಗೂ ಬೀಳಲಿಲ್ಲ.

ರಾತ್ರಿ ಭಾಂಡಿ ತಿಕ್ಕೂವಾಗ
ಹಲಗಿ ಹಿಂದ ಒಂದು ಹಳೇ ಫುಲ್ ಗ್ಲಾಸು ಸಿಕ್ಕಿತು.
ಧೂಳು ತೊಳದು, ಸುಮ್ನ, ಹೊಸಾದ್ದನ್ನ ಅದರೊಳಗ ಇಳಿಬಿಟ್ಟೆ.
ಕಂಠದ ತನಕ ಇಳದು ಕಚ್ಚಿಕೊಂಡಿತು.
ಎಳದೆ. ತಿರುವಿದೆ. ಬರವಲ್ದು.
ಬಿಸಿನೀರಾಗ ಇಟ್ಟೀನಿ ಎರಡನ್ನೂ.
ಬಿಟ್ರ ಬಿಟ್ಟೀತು, ಇಲ್ಲಂದ್ರ ಒಡದೀತು.
ಐದಕ್ಕ ಹಾಲಿನಾಂವ ಬರ್ತಾನ.
ಅವನ ಮಾಪನ್ನೂ ಒಮ್ಮೆ ಬೆಳಕಿಗೆ ಹಿಡೀಬೇಕು.