ಕ್ರೌಂಚದ ಮಂಡಿ

ಉಲಾನ್‌ಬಾತರ್, ಒಂಬತ್ತನೇ ಮಹಡಿ.
ಕಿಟಕಿಯಾಚೆ ಕಲ್ಲಿದ್ದಲ ಹೊಗೆ, ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ಅಡುಗೆಮೇಜಿನ ಮೇಲೆ ಮೊಳದುದ್ದದ ತಂತಿ, ಅದಕ್ಕೆ ಮೆತ್ತಿದ ಜೇಡಿ.
ಶುಕ್ರವಾರದೊಳಗೆ ಬೇಕು: ಬೇರೆ ಗ್ರಹದ ಜೀವಿ,
ಎರಡು ಕಾಲಿನ ಮೇಲೆ ನಿಲ್ಲಬೇಕು,
ಒಳಗೊಬ್ಬ ನಟ ಹೊಗುವಂತಿರಬೇಕು,
ನೋಡಿದವರು ಮೊದಲು ಹೆದರಬೇಕು, ಆಮೇಲೆ ಮರುಗಬೇಕು.
ಸ್ಟುಡಿಯೋದವರ ಕಾಗದದಲ್ಲಿ ಇಷ್ಟೇ ಇತ್ತು.

ಮೂಗನ್ನು ಸೈಗಾ ಜಿಂಕೆಯಿಂದ ತಂದೆ,
ಸೊಂಡಿಲಾಗಲು ಹೊರಟು ದಾರಿಯಲ್ಲಿ ಮನಸ್ಸು ಬದಲಿಸಿದ ಮೂಗು.
ಆ ಗ್ರಹದಲ್ಲಿ ಧೂಳು ಜಾಸ್ತಿ, ಹಾಗಂತ ನಾನೇ ತೀರ್ಮಾನಿಸಿದ್ದೆ.
ಕಣ್ಣಿಗೆ ಒಂಟೆಯ ಎರಡೆರಡು ಸಾಲು ರೆಪ್ಪೆಗೂದಲು.
ಕಿವಿ, ಗೋಬಿಯಲ್ಲಿ ರಾತ್ರಿ ಜಿಗಿಯುವ ಇಲಿಯದು,
ಮೈಗಿಂತ ಕಿವಿಯೇ ಭಾರ.
ಬೆನ್ನಿಗೆ ಮೀನಿನ ಪೊರೆ,
ಸೆಲೆಂಗೆ ಹೊಳೆಯಲ್ಲಿ ಹನ್ನೊಂದನೇ ವಯಸ್ಸಿಗೆ
ನನ್ನ ಕೈ ಜಾರಿ ಹೋದ ಮೀನು; ಇವತ್ತು ಹಿಡಿದೆ.
ಕೈಗಳು ಮಾರ್ಮೊಟ್‌ನವು.
ಬಿಲದ ಬಾಯಲ್ಲಿ ಎದ್ದು ನಿಂತು ಅದು ದಾರಿ ಕಾಯುತ್ತದಲ್ಲ, ಹಾಗೆ.
ಒಂದಾನೊಂದು ಕಾಲದಲ್ಲಿ ಅದು ಬಿಲ್ಲುಗಾರ ಮನುಷ್ಯನಾಗಿತ್ತಂತೆ,
ಗುರಿ ತಪ್ಪಿದ ನಾಚಿಕೆಗೆ ಹೆಬ್ಬೆರಳು ಕತ್ತರಿಸಿಕೊಂಡಿತಂತೆ.
ಆದ್ದರಿಂದ ನಾಲ್ಕೇ ಬೆರಳು.
ಕಾಲು ಕ್ರೌಂಚದ್ದು. ಅದರ ಬಗ್ಗೆ ನನಗೆ ಹೆಮ್ಮೆ.

ಅಪ್ಪ ಪೊರೆ ತೆಗೆಸಿಕೊಳ್ಳಲು ಊರಿಂದ ಬಂದಿದ್ದರು.
ಒಂದು ಕಣ್ಣಿಗೆ ಹತ್ತಿಯ ಕಟ್ಟು, ಇನ್ನೊಂದು ಸರದಿಗೆ ಕಾದಿತ್ತು.
ನಲವತ್ತು ವರ್ಷ ಪಶುವೈದ್ಯ ಲುವ್ಸಾನ್‌ದಾಶ್,
ಒಂಟೆ ಕುದುರೆಗಳ ಹೊಟ್ಟೆಯೊಳಗೆ ಭುಜದವರೆಗೆ ಕೈಯಿಟ್ಟವರು.
ಉಪ್ಪು ಚಹಾದ ಬಟ್ಟಲು ಬದಿಗಿಟ್ಟು
ತಡವಿ ತಡವಿ ನೋಡಿದರು.
'ಇದರ ಮಂಡಿ ಎಲ್ಲಿ, ಎನೆರೆಲ್?'
'ಇಲ್ಲೇ ಅಪ್ಪ, ಹಿಂದಕ್ಕೆ ಬಾಗಿದೆಯಲ್ಲ.'
'ಅದು ಹಿಮ್ಮಡಿ ಮಗಳೇ.
ಕ್ರೌಂಚ ಹುಟ್ಟಿದಾಗಿನಿಂದ ತುದಿಗಾಲಲ್ಲೇ ನಿಂತಿದೆ.
ಮಂಡಿ ಮೇಲಿದೆ, ಗರಿಯೊಳಗೆ, ಯಾರಿಗೂ ತೋರಿಸುವುದಿಲ್ಲ.'
ಸೊಂಟ ಒತ್ತಿದರು. ಸ್ವಲ್ಪ ಹೊತ್ತು ಸುಮ್ಮನಿದ್ದರು.
'ನಿಂತದ್ದನ್ನು ಯಾರೂ ನನ್ನನ್ನು ಕರೆದು ತೋರಿಸಲಿಲ್ಲ.
ನಾನು ಕಂಡದ್ದೆಲ್ಲ ಮಲಗಿದ್ದೇ.
ಇದನ್ನು ಮಲಗಿಸು, ನೋಡೋಣ.'

ಮಲಗಿಸಲು ಹೋದರೆ ಎತ್ತು ಏರಿಗೆ, ಕೋಣ ನೀರಿಗೆ.
ಮೂಗು ನೆಲ ಹುಡುಕುತ್ತದೆ, ಕಿವಿ ಅಡ್ಡ ಬರುತ್ತದೆ,
ಪೊರೆ ಒಂದಕ್ಕೊಂದು ತಿಕ್ಕಿ ಉದುರುತ್ತದೆ,
ಮಡಿಸಿದ ಕಾಲಿಗೆ ಹೋಗಲು ಜಾಗವೇ ಇಲ್ಲ.
ರಾತ್ರಿ ಎರಡಕ್ಕೆ ಸೊಂಟ ಬಿರಿದು ತಂತಿ ಹೊರಬಂತು.
ಬೈದೆ. ಯಾರನ್ನು ಅಂತ ಗೊತ್ತಿಲ್ಲ.
ಕಿವಿ ಅರ್ಧ ಕತ್ತರಿಸಿದೆ,
ಮಂಡಿಯನ್ನು ಮೇಲೆ, ಪೊರೆಯ ಕೆಳಗೆ, ಅಡಗಿಸಿದೆ,
ನನ್ನದೇ ಎಡಮಗ್ಗುಲಿಗೆ ನೆಲದ ಮೇಲೆ ಮಲಗಿ ನೋಡಿದೆ,
ಎದ್ದು ಬಂದು ಅದನ್ನು ಹಾಗೆ ಬಗ್ಗಿಸಿದೆ.
ಕೊನೆಗೆ ಮಲಗಿತು.
ಮಲಗುವಾಗ ನಾಲ್ಕು ಬೆರಳಿನ ಕೈ ತಾನಾಗಿ ಮೇಲೆ ಬಂದು
ಕಣ್ಣು ಮುಚ್ಚಿಕೊಂಡಿತು,
ದೀಪ ಆರಿಸಿ ಅಂದ ಹಾಗೆ.
ದೀಪ ಆರಿಸಿದೆ.

ಬೆಳಿಗ್ಗೆ ನೋಡಿದರೆ ಬಿರುಕಿಲ್ಲ.
ನಾನು ಮುಚ್ಚಿರಲಿಲ್ಲ, ನನಗೆ ನೆನಪಿದೆ.
ಸೊಂಟದ ಮೇಲೆ ಒದ್ದೆ ಜೇಡಿಯ ತೇಪೆ,
ಅದರ ನಟ್ಟನಡುವೆ
ಹೆಬ್ಬೆರಳಿಲ್ಲದ ಜೀವಕ್ಕೊಂದು ಹೆಬ್ಬೆಟ್ಟು,
ರೇಖೆ ರೇಖೆ ಎಣಿಸಬಹುದು.
ಅಪ್ಪ ಆಗಲೇ ಆಸ್ಪತ್ರೆಯ ಬಸ್ಸು ಹಿಡಿದಿದ್ದರು.

ಒಂದು ಗಳಿಗೆ ಚಾಕು ಹಿಡಿದು ನಿಂತೆ. ಕೆಳಗಿಟ್ಟೆ.
ಶುಕ್ರವಾರ ಸ್ಟುಡಿಯೋದ ಗಂಖುಯಾಗ್ ಸುತ್ತು ಬಂದ.
ಹಲ್ಲು ಸಾಲದು, ಅಂದ. ಆರು ಸೇರಿಸಲು ಒಪ್ಪಿದೆ.
ಸೊಂಟದಲ್ಲಿ ಇದೇನು ಗುಳಿ, ಅಂದ.
ಹುಟ್ಟುಮಚ್ಚೆ, ಅಂದೆ.
ಅವನು ಬರೆದುಕೊಂಡ.