ಕಡೀ ಸೀಟಿನ ತನಕ

ರಾತ್ರಿ ಹತ್ತಕ್ಕ, ಎಣ್ಣಿ ಮೆತ್ತಿದ ಕೈ ಒರೆಸಿಕೋತ
ವೀರೇಶ ನನಗ ಉತ್ತರ ಹೇಳಿಕೊಟ್ಟ.
'ಶಾರ್ಟ್ ಟರ್ಮ್ ಅಂದ್ರ, ಕೆಲಸ ಕಲೀತೀನಿ ಅನ್ನು.
ಲಾಂಗ್ ಟರ್ಮ್ ಅಂದ್ರ, ಸೂಪರ್‌ವೈಸರ್ ಆಗ್ತೀನಿ ಅನ್ನು.
ನಡುವ ಒಂದು ಸಲ ನಗು.'
'ಯಾವಾಗ?'
'ಅದನ್ನೂ ಬರೆದು ಕೊಡ್ಲೇನು?'

ಅಜ್ಮಾನಿನ್ಯಾಗ ಸೆಪ್ಟೆಂಬರಿನ ಬಿಸಿಲು
ಎಂಟಕ್ಕ ಎದ್ದು ಕೂತಿತ್ತು.
ಮೂರು ಗಲ್ಲಿ, ಎರಡು ಕಾರ್ಗೋ ಆಫೀಸು,
ವಿಮಾನದಾಗ ಬಂದ ಮಲ್ಲಿಗಿ ಮಾರೋ ಒಂದು ಅಂಗಡಿ,
ಅಲ್ಲಿ ಒಂದು ಮೊಳ ಮೂಗಿನಲೇ ಕೊಂಡೆ.
ಶಾರ್ಟು ಲಾಂಗು ಅದಲಿಬದಲಿ ಆಗದಂಗ
ಎಡಗೈಯಾಗ ಒಂದು, ಬಲಗೈಯಾಗ ಒಂದು
ಮುಟಿಗಿ ಹಿಡಕೊಂಡು ನಡೆದೆ.

ಸ್ಕೂಲಿನ ಒಳಗ ಎಸಿ ಅಂದ್ರ ಎಸಿ.
ಶೆರಿನ್ ಮೇಡಂ ಸ್ವೆಟರ್ ಹಾಕ್ಕೊಂಡು ಕೂತಿದ್ರು.
ಹೆಸರು, ನೀಲಾಂಬಿಕಾ ಬಡಿಗೇರ.
ಹುಟ್ಟಿದೂರು ಗಜೇಂದ್ರಗಡ,
ಅದನ್ನ ಓದೂದ್ರಾಗ ಅವರಿಗೆ ಎರಡು ಸಲ ಉಸಿರು ಬೇಕಾತು.
ಬೇಕಾದ ಕೆಲಸ, ಬಸ್ಸಿನ ಆಯಾ.

'ಇನ್ನ ಐದು ವರ್ಷಕ್ಕ ನಿಮ್ಮನ್ನ ನೀವು ಎಲ್ಲಿ ನೋಡ್ತೀರಿ?'

ಎರಡೂ ಮುಟಿಗಿ ತಗದು ನೋಡಿದೆ. ಬೆವರು ಅಷ್ಟ.

ಐದು ವರ್ಷ!
ಗಂಡನ ವೀಸಾಕ್ಕ ಎರಡು ವರ್ಷ ಆಯುಷ್ಯ,
ನನ್ನದು ಅದರ ಬಾಲ.
ಹಾಸಿಗಿ ಇದ್ದಷ್ಟು ಕಾಲು ಚಾಚು ಅಂತಾರ.
ಈ ಊರಾಗ ಹಾಸಿಗಿಗೂ ಒಂದು ತಾರೀಖು ಐತಿ,
ಅದನ್ನ ಮೇಡಂಗ ನಾ ಹೇಳೂದೇನು,
ಅವರ ಕೊರಳಾಗಿನ ಕಾರ್ಡಿನ ಮ್ಯಾಲೂ ಐತಿ.

ನಮ್ಮಪ್ಪನ ಬಾಯಾಗ ಗುರಿ ಅನ್ನೂ ಮಾತು ಬಂದದ್ದಿಲ್ಲ.
ಗೆರಿ ಅಂತಿದ್ದ.
ಕಿವಿ ಮ್ಯಾಲಿನ ಪೆನ್ಸಿಲ್ ತಗದು ಹಲಗಿ ಮ್ಯಾಲ ಎಳೆದು,
ಗರಗಸ ಗೆರಿ ದಾಟಿದ್ರ ಹಲಗಿ ಕೆಟ್ಟಿತು,
ಮುಟ್ಟದಿದ್ರ ಬಾಗಿಲ ಕೆಟ್ಟಿತು, ಅಂತಿದ್ದ.
ಎಷ್ಟು ಬಾಗಿಲ ಮಾಡ್ತಿ ಅಂತ ಅವನ್ನ ಯಾರೂ ಕೇಳಲಿಲ್ಲ.

ಅಷ್ಟರಾಗ ಬಾಯಿಪಾಠ ಹಾರಿಹೋಗಿತ್ತು.
ಇದ್ದದ್ದನ್ನ ಹೇಳಿದೆ,
ಅರ್ಧ ಹಿಂದಿ, ಕಾಲು ಇಂಗ್ಲಿಷು, ಉಳಿದದ್ದು ಕೈಲೆ:

'ಹೋದ ಜೂನಿನ್ಯಾಗ, ಆಯಾ ರಜಾ ಇದ್ದ ದಿನ,
ನನ್ನ ಮಗಳು ನಿಮ್ಮ ಬಸ್ಸಿನ್ಯಾಗ ನಿದ್ದಿ ಹೋದ್ಲು.
ಸ್ಟಾಪ್ ಬಂತು. ಬಾಗಿಲ ತಗೀತು. ಬಾಗಿಲ ಹಾಕ್ತು.
ಹನ್ನೊಂದು ನಿಮಿಷ, ಮೇಡಂ.
ಡ್ರೈವರ್ ಗುಲ್ ಜಮಾನ್ ಯಾಕೋ ಏನೋ
ಹಿಂದ ಹೊಳ್ಳಿ ನೋಡಿದ.
ಕೂಸು ಬರೂತನಾ ನಾ ರಸ್ತೆದಾಗ ಚಪ್ಪಲಿಲ್ಲದ ನಿಂತಿದ್ದೆ,
ಅಂಗಾಲು ಸುಟ್ಟದ್ದು ರಾತ್ರಿಗೆ ಗೊತ್ತಾತು.

ಅದಕ್ಕ ನನ್ನ ಶಾರ್ಟ್ ಟರ್ಮ್ ಅಂದ್ರ
ಹತ್ತಿದಷ್ಟು ಕೂಸು ಇಳಿಯಬೇಕು.
ಎಣಿಸಿ ಹತ್ತಿಸ್ತೀನಿ, ಎಣಿಸಿ ಇಳಿಸ್ತೀನಿ,
ಕಡೀ ಸೀಟಿನ ತನಕ ನಡೀತೀನಿ,
ಬಗ್ಗಿ ಕೆಳಗ ನೋಡ್ತೀನಿ.
ಆಮ್ಯಾಲ ಬಾಗಿಲ.'

'ಲಾಂಗ್ ಟರ್ಮ್?'

'ಮಧ್ಯಾಹ್ನದ ಟ್ರಿಪ್ಪೂ ಹಂಗ.'

ಮೇಡಂ ಪೆನ್ನಿನ ಮುಚ್ಚಳ ಹಾಕಿದ್ರು, ತಗದ್ರು.
ಒಂದನೇ ಖಾನೆದಾಗ ಏನೋ ಬರೆದು
ಎರಡನೇದರಾಗ ಎರಡು ಸಣ್ಣ ಗೆರಿ ಎಳೆದ್ರು,
ಮ್ಯಾಲಿನಂಗ ಅಂತ.
ನಗೂದು ಮರೆತಿದ್ದೆ. ಆವಾಗ ನಕ್ಕೆ, ತಡಾ ಮಾಡಿ.
'ಫೋನ್ ಮಾಡ್ತೀವಿ' ಅಂದ್ರು.
ಎಲ್ಲಾರಿಗೂ ಹಂಗ ಅಂತಾರಂತ.

ಹೊರಗ ಹಳದಿ ಬಸ್ಸುಗಳು ಮುಂಜಾನಿ ಕೆಲಸ ಮುಗಿಸಿ
ಬಾಯಿ ತಗದು ನಿಂತಿದ್ದುವು.
ಕೆಲಸ ಸಿಕ್ಕಿಲ್ಲ, ಹತ್ತಬಾರದು.
ಹತ್ತಿದೆ.
ಒಂದು ನೀರಿನ ಬಾಟ್ಲಿ, ಕಡಿದಿಟ್ಟ ಬಿಸ್ಕೀಟು,
ಕಡೀ ಸೀಟಿನ ಕೆಳಗ ಒಂದ ಒಂದು ಸಾಕ್ಸು.
ಕೂಸು ಯಾವುದೂ ಇರಲಿಲ್ಲ.

ಆ ಇಲ್ಲ ಅನ್ನೂದನ್ನ
ಎರಡು ಸಲ ಎಣಿಸಿ ಇಳಿದೆ.