ಬೈತಖೋಲದಲ್ಲಿ ಐಸಿನ ದರ

ಗಟ್ಟಿಯಾಗಿದ್ದಷ್ಟು ಹೊತ್ತು ಅದು ಸರಕು,
ಆಮೇಲೆ ನೀರು. ನೀರಿಗೆ ಯಾರೂ ಚೌಕಾಸಿ ಮಾಡುವುದಿಲ್ಲ.
ಬೈತಖೋಲದ ಗುಡ್ಡಕ್ಕೆ ಬೆನ್ನು ಕೊಟ್ಟ ತಗಡಿನ ಶೆಡ್ಡು,
ಅಮೋನಿಯಾ ವಾಸನೆ, ಮರದ ಹೊಟ್ಟಿನಲ್ಲಿ ಮಲಗಿದ ಗಡ್ಡೆಗಳು,
ಬಾಗಿಲ ಪಕ್ಕದ ಹಲಗೆಯಲ್ಲಿ ಸೀಮೆಸುಣ್ಣದ ದರ.
ದಿನಕ್ಕೆ ಮೂರು ಸಲ ಒರೆಸುತ್ತೇನೆ, ಅಂಗೈಯಿಂದಲೇ.

ದರ ನಾನು ಬರೆಯುತ್ತೇನೆಂದು ಜನರ ನಂಬಿಕೆ.
ಕೂರ್ಮಗಡದ ಆಚೆ ಎಲ್ಲೋ ಬಲೆ ಭಾರವಾಗುತ್ತದೆ,
ಇಲ್ಲಿ ನನ್ನ ಸುಣ್ಣ ಜರುಗುತ್ತದೆ.

ಮೀನು ಕಡಿಮೆ ಬಂದ ದಿನ
ಇಸ್ವಾಣಕ್ಕೆ ಮದುಮಗನ ಗತ್ತು,
ನನ್ನ ಗಡ್ಡೆಗಳು ಬುಡದಿಂದ ಸಣ್ಣಗೆ ಸೋರಿ ಮೋರಿ ಸೇರುತ್ತವೆ.
ಮೀನು ಉಕ್ಕಿದ ದಿನ ಬಂಗಡೆಯನ್ನು ಕೇಳುವವರಿಲ್ಲ,
ನನ್ನ ಬಾಗಿಲಿಗೆ ಸಾಲು.
ಅವರ ಸುಗ್ಗಿಯೇ ಅವರನ್ನು ಅಗ್ಗ ಮಾಡುತ್ತದೆ,
ಅವರು ಅಗ್ಗವಾದಷ್ಟೂ ನಾನು ತುಟ್ಟಿ.
ಇದರಲ್ಲಿ ಪಾಪ ಎಷ್ಟು, ಲೆಕ್ಕ ಎಷ್ಟು,
ಹಲಗೆಯಲ್ಲಿ ಜಾಗ ಸಾಲುವುದಿಲ್ಲ.

ಕಳೆದ ನವೆಂಬರಿನಲ್ಲಿ ತಾರ್ಲೆ ಬಂತು ನೋಡಿ,
ದಕ್ಕೆಯ ಮೇಲೆ ಕಾಲಿಡಲು ಜಾಗವಿಲ್ಲ.
ಏಳು ಗಂಟೆಗೆ ಬುಟ್ಟಿಗೆ ಎಂಟುನೂರು,
ಎಂಟೂವರೆಗೆ ಐನೂರು,
ಬಿಸಿಲು ದಕ್ಕೆಗೆ ಕಾಲು ಚಾಚುವಾಗ ಇನ್ನೂರೈವತ್ತು.
ಮೀನುಹುಡಿ ಕಾರ್ಖಾನೆಯ ಲಾರಿ
ಎಂಜಿನ್ ಆರಿಸಿ ನೆರಳಲ್ಲಿ ಕಾದಿತ್ತು.
ಕೊಳೆಯುವುದೂ ಅದಕ್ಕೆ ಆಗುತ್ತದೆ, ಅವಸರವಿಲ್ಲ.
ಅವಸರ ಇದ್ದವರ ಕೈಯಿಂದಲೇ ದರ ಜಾರುವುದು.

ನಾನು ಹಲಗೆ ಒರೆಸಿದೆ.
ಗಡ್ಡೆಗೆ ನೂರ ಎಂಬತ್ತು ಇದ್ದದ್ದು ಮುನ್ನೂರು.
ಶೇವಂತಾ ತಾಂಡೇಲ ಬುಟ್ಟಿ ಸೊಂಟಕ್ಕಿಟ್ಟು ನೋಡಿದಳು.
ಅಕ್ಷರ ಬಾರದು ಅವಳಿಗೆ, ಅಂಕಿ ಬರುತ್ತದೆ.
"ನಿನ್ನೆಯದೇ ನೀರು, ನಿನ್ನೆಯದೇ ಕರೆಂಟು.
ರಾತ್ರಿ ನಿನ್ನ ಐಸಿಗೆ ಕೊಂಬು ಹುಟ್ಟಿತೋ?"
"ಇವತ್ತು ಎಲ್ಲರಿಗೂ ಬೇಕಲ್ಲ" ಎಂದೆ.
"ಹೌದು, ಎಲ್ಲರಿಗೂ ಬೇಕು. ನನಗೆ ಬೇಡ."

ಬೇಡ ಎಂಬ ಮಾತಿಗೆ ಇಷ್ಟು ತೂಕ ಇದೆಯೆಂದು ನನಗೆ ತಿಳಿದಿರಲಿಲ್ಲ.
ಉಳಿದವರು ಕೈಬಿಟ್ಟ ಹನ್ನೊಂದು ಬುಟ್ಟಿ ಅವಳೇ ಹಿಡಿದಳು,
ಸಾಣಿಕಟ್ಟೆಯ ಉಪ್ಪು ಎರಡು ಮೂಟೆ, ಟೆಂಪೋ ಬಾಡಿಗೆ ಬೇರೆ,
ಮರಳಿನ ಮೇಲೆ ಹರಿದ ಬಲೆ ಹಾಸಿ ಹರವಿದಳು.
ಕಾಗೆ ಕಾಯಲು ನಾದಿನಿ.

ಇಪ್ಪತ್ತು ವರ್ಷ ನನ್ನ ಎದುರಾಳಿ
ಅಂಕೋಲೆಯ ಐಸ್ ಫ್ಯಾಕ್ಟರಿ ಅಂದುಕೊಂಡಿದ್ದೆ.
ಮೇಲೆ ನೋಡಿದೆ. ಸೂರ್ಯ!
ಕರೆಂಟ್ ಬಿಲ್ ಇಲ್ಲ ಅವನಿಗೆ.
ಹಾಗಂತ ಪುಕ್ಕಟೆಯೂ ಅಲ್ಲ. ನಾಲ್ಕು ದಿನ ಶೇವಂತಾ ಪೇಟೆಗೆ ಹೋಗಲಿಲ್ಲ,
ನಾಲ್ಕು ದಿನದ ಗಳಿಕೆಯನ್ನೂ ಮೀನಿನ ಜೊತೆ ಮಗುಚುತ್ತ ಕೂತಳು.
ಒಂದು ಮೋಡ ಬಂದಿದ್ದರೆ ಎರಡೂ ಹೋಗುತ್ತಿದ್ದವು.

ಮೋಡ ಜೂನಿನಲ್ಲಿ ಬಂತು.
ದೋಣಿಗಳೆಲ್ಲ ದಡಕ್ಕೆ, ಟಾರ್ಪಾಲಿನ ಕೆಳಗೆ.
ಅರವತ್ತೊಂದು ದಿನ ನನ್ನ ಮಷಿನ್ನು ಮೂಕ.
ರವಿವಾರದ ಸಂತೆಯಲ್ಲಿ, ಪ್ಲಾಸ್ಟಿಕ್ ಹಾಳೆಯಡಿ ಅವಳು,
ಮುಂದೆ ಒಣ ತಾರ್ಲೆಯ ಗುಡ್ಡೆ, ನೂರು ರೂಪಾಯಿಗೆ ಇಪ್ಪತ್ತು.

"ಇದು ನವೆಂಬರಿನಲ್ಲಿ ಲಾರಿಗೆ ಹೋಗುವ ಮಾಲು, ಬಾಯೆ."
"ನವೆಂಬರಿನಲ್ಲೇ ಕೊಳ್ಳಬೇಕಿತ್ತು."
"ನಿನ್ನೆ ಇದೇ ಮೀನು, ಇದೇ ಉಪ್ಪು..." ಎಂದು ಶುರು ಮಾಡಿ
ನನ್ನ ಬಾಯಲ್ಲಿ ಅವಳ ಮಾತು ಸಿಕ್ಕಿ ನಿಂತೆ.
ಅವಳು ನಗಲಿಲ್ಲ. ಇಪ್ಪತ್ತು ಎಣಿಸಿ ಪೇಪರಿನಲ್ಲಿ ಸುತ್ತಿದಳು.

ಅಭ್ಯಾಸ ನೋಡಿ, ಕೇಳಿಬಿಟ್ಟೆ: "ಕೊಸರು?"
ಕೈ ಗುಡ್ಡೆಯ ಮೇಲೆ ಸ್ವಲ್ಪ ಹೊತ್ತು ತೂಗಿತು.
ಎರಡು ಹಾಕಿದಳು, ಸಣ್ಣವು. ಒಂದಕ್ಕೆ ತಲೆಯಿಲ್ಲ.

ಕೆಂಡದ ಮೇಲೆ ಸುಡುವಾಗ ಯಾವ ಎರಡು ಅವು, ಗುರುತು ಸಿಗಲಿಲ್ಲ.
ಖಾಯಂ ಗಿರಾಕಿಗೆ ಕಟ್ಟಿದ ಹಗ್ಗವೋ,
ಮುಂದಿನ ಸುಗ್ಗಿಯ ದಿನಕ್ಕೆ ಕೊಟ್ಟ ಮುಂಗಡವೋ,
ಮಳೆ, ಹೊತ್ತಾಯಿತು, ಹೋಗಲಿ ಅಂತಲೋ.
ಆಗಸ್ಟಿನಲ್ಲಿ ಅವಳು ಐಸಿಗೆ ಬರುತ್ತಾಳೆ.
ಹಲಗೆ ಒರೆಸಿಟ್ಟಿದ್ದೇನೆ.
ಏನೂ ಬರೆದಿಲ್ಲ ಇನ್ನೂ.